ಕೊರಮೀನಿನ ತಲೆ

ನನ್ನ ಮೊಮ್ಮಗಳು ಮೀನು ಹಿಡಿದಳು! ನಿನ್ನೆ ಬೆಳಿಗ್ಗೆ, ಇನ್ನೂ ಏಳು ಗಂಟೆಯಾಗಿರಲಿಲ್ಲ, ನಮ್ಮೂರ ಕೆರೆಯಲ್ಲಿ ಗಾಳ ಹಾಕಿ ಮೊಳದುದ್ದದ ಕೊರಮೀನನ್ನು ದಡಕ್ಕೆ ಎಳೆದು ಹಾಕಿದಳು. ಹತ್ತು ವರ್ಷದ ಹುಡುಗಿ. ಅವಳಪ್ಪ ಪಕ್ಕದಲ್ಲೇ ನಿಂತಿದ್ದ, ಆದರೆ ಗಾಳದ ಗಳ ಮುಟ್ಟಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಕೆರೆಯಿಂದ ಮನೆಗೆ ಬರುವ ದಾರಿಯಲ್ಲಿ ಯಾರನ್ನೂ ಬಿಡಲಿಲ್ಲ ನಾನು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಹೇಳಿದೆ. ಗೌರಿಬಿದನೂರಿಗೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಡ್ರೈವರು ನಿಲ್ಲಿಸಿ, "ಬೇಗ ಹತ್ತಿ ಯಜಮಾನ್ರೇ" ಅಂದ.

"ಹತ್ತೋದಿಲ್ಲ ಕಣಪ್ಪ. ನನ್ನ ಮೊಮ್ಮಗಳು ಕೊರಮೀನು ಹಿಡಿದ್ಲು. ಹೇಳಣ ಅಂತ ನಿಲ್ಲಿಸಿದೆ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರು ನಗಲಿಲ್ಲ. "ಎಷ್ಟು ದೊಡ್ಡದು?" ಎಂದು ಕೇಳಿದ. ಒಳ್ಳೆಯ ಮನುಷ್ಯ. ನಾನು ಕೈಯಗಲಿಸಿ ತೋರಿಸಿದೆ. ಮೊಳಕ್ಕಿಂತ ಸ್ವಲ್ಪ ಜಾಸ್ತಿಯೇ ಅಗಲಿಸಿದೆನೇನೋ. ಮೀನಿನ ವಿಷಯದಲ್ಲಿ ನನ್ನ ಕೈ ಯಾವತ್ತೂ ಹಾಗೆಯೇ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ಕತೆಯನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಆಮೇಲೆ ದನ ಕಾಯ್ದೆ, ಹಿಪ್ಪುನೇರಳೆ ಸೊಪ್ಪು ಕೊಯ್ದೆ, ರೇಷ್ಮೆ ಹುಳು ಸಾಕಿದೆ. ಬರೆದದ್ದು ಅಂದರೆ ಅಲ್ಲಿ ಇಲ್ಲಿ ಹಾಕಿದ ರುಜು. ಈಗ ಬರೆಯುತ್ತಿರುವುದು ಮೊಮ್ಮಗಳ ಹಳೆಯ ನೋಟುಬುಕ್ಕಿನಲ್ಲಿ. ಅದರ ಅರ್ಧದಲ್ಲಿ ಭಾಗಾಕಾರದ ಲೆಕ್ಕವಿದೆ, ಉಳಿದರ್ಧ ನನ್ನದು. ಹೇಳುತ್ತ ಹೇಳುತ್ತ ಎಲ್ಲಿಗೋ ಹೋದರೆ ನೀವೇ ಸ್ವಲ್ಪ ಕೈ ಹಿಡಿದು ಕರೆದುಕೊಂಡು ಬನ್ನಿ.

ಮೊಮ್ಮಗಳ ಹೆಸರು ಚಂದನ. ನಾವು ಚಂದು ಅನ್ನುತ್ತೇವೆ. ಅವಳು ಹುಟ್ಟಿದಾಗ ನಮ್ಮೂರ ಕೆರೆ ಹುಡುಗರು ಕ್ರಿಕೆಟ್ ಆಡುವ ಬಯಲಾಗಿತ್ತು. ಕೆರೆ ಅಂದರೆ ಹೀಗೆಯೇ ಇರುತ್ತದೆ, ನಡುವೆ ಮೂರು ಕಡ್ಡಿ ನೆಟ್ಟಿರುತ್ತಾರೆ ಎಂದೇ ಅವಳು ತಿಳಿದಿದ್ದಳು. ಆಮೇಲೆ ಒಂದು ವರ್ಷ ಮಳೆ ಸುರಿದದ್ದು ನಿಮಗೂ ಗೊತ್ತು. ಕೆರೆ ಕೋಡಿ ಬಿತ್ತು. ನೀರಿನ ಹಿಂದೆಯೇ ಜೊಂಡು ಬಂತು, ಜೊಂಡಿನ ಹಿಂದೆ ಕೊಕ್ಕರೆ ಬಂತು, ಮೀನು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಈಗ ಯುಗಾದಿ ಕಳೆದು ನೀರು ತಗ್ಗುತ್ತಾ ಬಂದಿದೆ. ಕೊರಮೀನಿಗೆ ಇದೇ ಕಾಲ. ನೀರು ಬೆಚ್ಚಗಾಗಿ, ದಡದ ಜೊಂಡಿಗೆ ಬಂದು ಅಡಗಿರುತ್ತದೆ. ಕಪ್ಪು ಮೈ, ಪಕ್ಕೆಯ ಮೇಲೆ ಪಟ್ಟೆ ಪಟ್ಟೆ, ಹಾವಿನಂಥ ತಲೆ. ಎರೆಹುಳುವಿಗೆಲ್ಲ ಅದು ಬಗ್ಗುವುದಿಲ್ಲ. ಸಣ್ಣ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ, ನೀರಿನ ಮೇಲೆ ಕುಣಿಸಬೇಕು. ಕುಣಿತ ಸರಿಯಿದ್ದರೆ ಗುಳುಂ ಎಂದು ಒಂದು ಸದ್ದು. ಸರಿಯಿಲ್ಲದಿದ್ದರೆ ಸಂಜೆಯವರೆಗೂ ಕಪ್ಪೆ ಒಂದೇ ಕುಣಿಯುತ್ತಿರುತ್ತದೆ.

ನಿನ್ನೆಯ ಕಪ್ಪೆ ಹಿಡಿದುಕೊಟ್ಟವನು ನಾನು. ಎಪ್ಪತ್ತೈದು ವರ್ಷದ ಮೊಣಕಾಲು ಮಡಚಿಕೊಂಡು, ಟವೆಲ್ ಬೀಸಿ ಹಿಡಿದೆ. ಅದನ್ನೂ ಹೇಳಿಕೊಳ್ಳದೆ ಬಿಡಲಾರೆ.

ಚಂದು ಮೀನನ್ನು ಎಳೆದು ದಡಕ್ಕೆ ಹಾಕಿದಾಗ ಏನಂದಳು ಗೊತ್ತೇ? "ತಾತ, ನೀನು ಹೇಳ್ದಂಗೇ ಜೊಂಡಿನ ಬುಡಕ್ಕೆ ಹಾಕ್ದೆ. ನೀನು ಹೇಳ್ದಂಗೇ ಮೂರು ಎಣಿಸ್ಕೊಂಡು ಎಳೆದೆ. ನಾನು ನಿನ್ನ ಥರಾನೇ ಅಲ್ವಾ ತಾತ?"

ನನ್ನ ಮಗ ನಾಗರಾಜ ಅವಳ ಬೆನ್ನು ತಟ್ಟಿ, "ತಾತನ ಕೈಗುಣ ಕಣಮ್ಮ ನಿಂದು. ನಮಗ್ಯಾರಿಗೂ ಬರಲಿಲ್ಲ, ನಿನಗೆ ಬಂತು" ಅಂದ.

ಕುಣಿಯುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಬಸ್ಸು ನಿಲ್ಲಿಸಿದ್ದು, ಡೈರಿ ಮುಂದೆ ಕೂಗಿದ್ದು ಎಲ್ಲ ಆಮೇಲಿನದು. ಸಂತೋಷ ಸುಳ್ಳಲ್ಲ. ಆದರೆ ಆ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಏಕೆಂದರೆ ನನ್ನ ಕೈಯಲ್ಲಿ ಯಾವ ಗುಣವೂ ಇಲ್ಲ. ಇದ್ದದ್ದು ನನ್ನ ಅಕ್ಕನ ಕೈಯಲ್ಲಿ. ಆ ಅಕ್ಕ ನಿನ್ನೆ ಸಂಜೆಯ ಬಸ್ಸಿಗೆ ಚಿಂತಾಮಣಿ ಕಡೆಯಿಂದ ನಮ್ಮ ಮನೆಗೆ ಬರುವವಳಿದ್ದಳು.

ರತ್ನಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಆಗ ನಮ್ಮ ಕೆರೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅಕ್ಕ ಬೆಳಗ್ಗೆ ಸಗಣಿ ಬಾಚಿ, ನೀರು ಹೊತ್ತು ಮುಗಿಸಿ, ಬಟ್ಟೆ ಒಗೆಯುವ ನೆಪದಲ್ಲಿ ಕೆರೆಗೆ ಹೊರಡುತ್ತಿದ್ದಳು. ಬಟ್ಟೆಯ ಗಂಟಿನೊಳಗೆ ಗಾಳದ ದಾರ. ಬಿದಿರು ಗಳ ಮಾತ್ರ ಏರಿಯ ಕೆಳಗಿನ ಹೊಂಗೆ ಮರದಲ್ಲಿ ಬಚ್ಚಿಟ್ಟಿರುತ್ತಿತ್ತು.

ಆ ದಾರದ ಬಗ್ಗೆ ಒಂದು ಮಾತು ಹೇಳಬೇಕು. ಈಗ ಚಂದು ಹತ್ತಿರ ಇರುವುದು ಅಂಗಡಿಯ ನೈಲಾನ್ ದಾರ. ಅಕ್ಕನದು ರೇಷ್ಮೆ. ನಮ್ಮ ಸೋದರಮಾವ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕಡೆ ಕೆಲಸಕ್ಕಿದ್ದ. ಬರುವಾಗ ಕಸವೆಂದು ಎಸೆಯುವ ತುಂಡು ನೂಲನ್ನು ಜೇಬಿನಲ್ಲಿ ತುರುಕಿಕೊಂಡು ಬರುತ್ತಿದ್ದ. ಅಕ್ಕ ಅದನ್ನು ತೊಡೆಯ ಮೇಲೆ ಹೊಸೆದು ಹೊಸೆದು, ಹೊಂಗೆ ಎಣ್ಣೆ ಸವರಿ, ಎರಡಾಳುದ್ದದ ದಾರ ಮಾಡಿದ್ದಳು. ಊರ ಶ್ರೀಮಂತರ ಮನೆಯ ಹೆಂಗಸರಿಗೂ ಹಬ್ಬಕ್ಕೊಂದು ರೇಷ್ಮೆ ಸೀರೆ, ನಮ್ಮ ಕೆರೆಯ ಮೀನಿಗೆ ದಿನಾ ರೇಷ್ಮೆ. ಈ ಮಾತು ಅಕ್ಕನದೇ.

ಕಪ್ಪೆ ಹಿಡಿಯುವುದು ನನ್ನ ಕೆಲಸ. ನನಗೆ ಬರುತ್ತಿದ್ದದ್ದು ಅದೊಂದೇ. ಗಾಳ ನನ್ನ ಕೈಗೆ ಕೊಟ್ಟರೆ ಜೊಂಡಿಗೆ ಸಿಕ್ಕಿಸುತ್ತಿದ್ದೆ, ಇಲ್ಲವೇ ನನ್ನ ಚಡ್ಡಿಗೆ. ಒಮ್ಮೆ ದಡದಲ್ಲಿ ಮೇಯುತ್ತಿದ್ದ ಎಮ್ಮೆಯ ಬಾಲಕ್ಕೆ ಸಿಕ್ಕಿಸಿದ್ದೆ. ಎಮ್ಮೆ ಓಡಿತು, ಹಿಂದೆ ಗಳ, ಗಳದ ಹಿಂದೆ ನಾನು. ಅಕ್ಕ ನಕ್ಕು ನಕ್ಕು ನೀರಿನಲ್ಲೇ ಕೂತುಬಿಟ್ಟಳು. "ಲೋ ಕಿಟ್ಟ, ಒಳ್ಳೇ ಮೀನೇ ಹಿಡಿದೆ ಕಣೋ, ಹಾಲೂ ಕೊಡ್ತದೆ" ಅಂದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸುತ್ತಲ ಊರುಗಳಲ್ಲೂ ಇತ್ತೆಂದು ಕಾಣುತ್ತದೆ. ಕೊರಮೀನು ಬೇಯಿಸಿದರೆ ತಲೆ ಹಿಡಿದವರಿಗೆ, ಬಾಲ ಕಪ್ಪೆ ತಂದವರಿಗೆ. ನಡುವಿನ ತುಂಡುಗಳನ್ನು ಉಳಿದವರು ಹಂಚಿಕೊಳ್ಳಬೇಕು. ಅಪ್ಪನೇ ಇರಲಿ, ಮನೆಗೆ ಬಂದ ನೆಂಟರೇ ಇರಲಿ, ತಲೆ ಕೇಳುವ ಹಾಗಿಲ್ಲ. ಅಮ್ಮ ಮೀನಿಗೆ ಒಲೆಯ ಬೂದಿ ಹಚ್ಚಿ ಉಜ್ಜಿ ಲೋಳೆ ತೆಗೆದು, ಈರುಳ್ಳಿ ಸುಟ್ಟು ಅರೆದು, ಹುಳಿಮಾವಿನಕಾಯಿ ಹೆಚ್ಚಿ ಹಾಕಿ ಸಾರು ಮಾಡುತ್ತಿದ್ದಳು. ಅಕ್ಕನ ತಟ್ಟೆಗೆ ತಲೆ, ನನ್ನ ತಟ್ಟೆಗೆ ಬಾಲ. ಅಕ್ಕ ತಲೆಯನ್ನು ಚೀಪುವುದನ್ನು ನೋಡಬೇಕಿತ್ತು ನೀವು. ಕೆನ್ನೆಯ ಮಾಂಸ ಬಿಡಿಸಿ, ಒಂದೊಂದೇ ಎಲುಬು ಸಾಲಾಗಿ ಜೋಡಿಸಿಟ್ಟು, ಕಣ್ಣು ಅರ್ಧ ಮುಚ್ಚಿ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅಕ್ಕನಿಗೆ ಹದಿನಾರು ತುಂಬಿದ ವರ್ಷ, ಯುಗಾದಿಯ ಮೇಲೆ, ಚಿಂತಾಮಣಿ ಕಡೆಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಸಂಜೆಗೆ ಬರುತ್ತಾರೆ ಎಂದಿತ್ತು. ಅಂದು ಬೆಳಗಿನ ಜಾವ ಅಕ್ಕ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

"ಲೋ ಕಿಟ್ಟ, ಏಳೋ. ಒಂದೇ ಒಂದು ಸಲ ಹೋಗಿ ಬರಣ. ಆಮೇಲೆ ಯಾರು ಬಿಡ್ತಾರೋ ಏನೋ."

ಹೋದೆವು. ನಾನು ಎರಡು ಕಪ್ಪೆ ಹಿಡಿದುಕೊಟ್ಟೆ. ಎರಡನೆಯದಕ್ಕೆ ಬಿತ್ತು ನೋಡಿ, ಅಂಥ ಮೀನನ್ನು ನಾನು ಆಮೇಲೆ ಕಂಡಿಲ್ಲ. ಗಳ ಬಿಲ್ಲಿನ ಹಾಗೆ ಬಗ್ಗಿತು. ದಡಕ್ಕೆ ಬಂದದ್ದು ಗಾಳ ಬಿಡಿಸಿಕೊಂಡು ಮತ್ತೆ ನೀರಿಗೆ ಜಾರಿತು. ಅಕ್ಕ ಲಂಗ ದಾವಣಿಯ ಸಮೇತ ಅದರ ಮೇಲೆಯೇ ಬಿದ್ದು ಅಪ್ಪಿಕೊಂಡಳು. ಮೇಲೆದ್ದಾಗ ಜಡೆಯ ತುಂಬ ಪಾಚಿ, ಎದೆಗವಚಿಕೊಂಡ ಮೀನು, ಮುಖದ ತುಂಬ ನಗು. ಅಕ್ಕನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಮುಖವೇ.

ಹಿತ್ತಿಲ ಬಾಗಿಲಿಗೆ ಬಂದರೆ ಅಮ್ಮ ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ನೆಂಟರು ಬೆಳಗಿನ ಬಸ್ಸಿಗೇ ಬಂದು ಜಗಲಿಯ ಮೇಲೆ ಕೂತಿದ್ದರು! ಅಮ್ಮ ಅಕ್ಕನನ್ನು ಒಳಗೆಳೆದು, ಮೀನನ್ನು ನನ್ನ ಕೈಗೆ ತುರುಕಿದಳು.

"ನೀನು ಹಿಡಿದಿದ್ದು ಅನ್ನು. ಇನ್ನೊಂದು ಮಾತು ಆಡಬೇಡ. ಬಾಯಿ ಮುಚ್ಕೊಂಡಿರು, ನಿನ್ನ ದಮ್ಮಯ್ಯ."

ಅಮ್ಮ ಹೇಳಿದ್ದು ಅಷ್ಟೇ. ಅಷ್ಟೇ ಮಾಡಿದ್ದರೆ ನಾನು ಇವತ್ತು ಈ ನೋಟುಬುಕ್ಕು ಹಿಡಿದು ಕೂರಬೇಕಾಗಿರಲಿಲ್ಲ.

ಅಕ್ಕ ಸೀರೆ ಸುತ್ತಿಕೊಂಡು, ತಾಂಬೂಲದ ತಟ್ಟೆ ಹಿಡಿದು ಬಂದು ಕೂತಳು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ತಾಯಿ ಗಟ್ಟಿ ಹೆಂಗಸು, ಅಗಲ ಕುಂಕುಮ, ಕನ್ನಡದ ನಡುವೆ ತೆಲುಗು. ಅಕ್ಕನ ಕೈ ನೋಡಿದಳು, ಹಲ್ಲು ನೋಡಿದಳು. ಜಡೆ ಹಿಡಿದು ನೋಡುತ್ತ, "ಇದೇನಮ್ಮಾ, ತಲೆ ಇಷ್ಟು ಒದ್ದೆ? ತುದೀಲಿ ಪಾಚಿ ಬೇರೆ ಐತೆ?" ಅಂದಳು.

ಅಪ್ಪ ಸೂರಿನ ಕಡೆ ನೋಡಿದ. ಅಮ್ಮ ನೆಲದ ಕಡೆ ನೋಡಿದಳು. ಹನ್ನೆರಡು ವರ್ಷದ ನಾನು ಮನೆತನದ ಮಾನವೆಲ್ಲ ನನ್ನ ಹೆಗಲ ಮೇಲೆ ಬಿತ್ತೆಂದು ತಿಳಿದು ಬಾಯಿಬಿಟ್ಟೆ.

"ನಮ್ಮಕ್ಕಂಗೆ ನೀರು ಕಂಡ್ರೆ ಭಾರೀ ಭಯ ಕಣಮ್ಮ. ಕೆರೆ ಕಡೆ ತಲೆ ಹಾಕಿ ಮಲಗಲ್ಲ. ನಾನು ಬೆಳಿಗ್ಗೆ ಮೀನು ಹಿಡ್ಕೊಂಡು ಬಂದ್ನಾ, ಅದು ಒದ್ದಾಡ್ತು. ಅಕ್ಕ ಹೆದರ್ಕೊಂಡು ಹಿಂದಕ್ಕೆ ಹೋಗಿ ದನ ನೀರು ಕುಡಿಯೋ ಬಾನೀಲಿ ಬಿದ್ದೋದ್ಲು."

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪಾಪಂ! ಮೀನಿಗೇ ಹೆದರ್ತಾಳಾ? ಒಳ್ಳೇದೇ ಆಯ್ತು ಬಿಡಿ. ಮೆತ್ತನೆ ಹುಡುಗಿ. ನಮ್ಮನೇಲಿ ಕೆರೆ ಬಾವಿ ಹತ್ರ ಬಿಡಲ್ಲ ಇವಳನ್ನ. ನಾನು ನೋಡ್ಕೋತೀನಿ ತಗೊಳ್ಳಿ."

ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗದೆ ಊಟಕ್ಕೆ ಕೂರುವುದಿಲ್ಲ. ಅಂದು ಕೂತರು. ಒಪ್ಪಿಗೆಯಾಯಿತು. ಅಮ್ಮನ ಮೀನು ಸಾರಿನ ವಾಸನೆಗೇ ಅರ್ಧ ಒಪ್ಪಿಗೆಯಾಗಿತ್ತೆಂದು ಅಪ್ಪ ಆಮೇಲೆ ಹೇಳುತ್ತಿದ್ದ. ಎಲ್ಲರಿಗೂ ಮುದ್ದೆ ಹಾಕಿದ್ದಾಯಿತು. ಆಗ ಹುಡುಗನ ತಾಯಿಯೇ, "ಎಲ್ಲಿ, ಮೀನು ಹಿಡಿದ ಮಗೂಗೆ ತಲೆ ಹಾಕಮ್ಮ" ಅಂದಳು.

ಬಡಿಸುತ್ತಿದ್ದವಳು ಅಕ್ಕ. ಮಡಕೆಯೊಳಗೆ ಸೌಟು ಆಡಿಸಿ ತಲೆಯನ್ನು ಎತ್ತಿದಳು. ನನ್ನ ಮುಂದೆ ಬಗ್ಗಿ ತಟ್ಟೆಗೆ ಹಾಕಿದಳು. ಮುಖ ನೋಡಲಿಲ್ಲ. ನಾನು ತಿಂದೆ. ಚೆನ್ನಾಗಿತ್ತು. ಅದೇ ನನಗೆ ಇವತ್ತಿಗೂ ನಾಚಿಕೆ. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನೀವು ನಂಬುತ್ತಿದ್ದಿರಿ. ಆದರೆ ಇಳಿಯಿತು. ಎಲುಬನ್ನು ಅಕ್ಕನ ಹಾಗೆಯೇ ಸಾಲಾಗಿ ಜೋಡಿಸಿದೆ.

ಮದುವೆಯಾಯಿತು. ಭಾವ ಚಿನ್ನದಂಥ ಮನುಷ್ಯ. ಅತ್ತೆಯೂ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅಕ್ಕ ಜಗಳವಾಡಿಯಾದರೂ ಕೆರೆಗೆ ಹೋಗುತ್ತಿದ್ದಳೇನೋ. ಒಳ್ಳೆಯತನದ ಮುಂದೆ ಏನು ಜಗಳ ಮಾಡುತ್ತೀರಿ? "ನನ್ನ ಸೊಸೆ ನೀರಿಗೆ ಹೆದರ್ತಾಳೆ" ಎಂದು ಊರಿಗೆಲ್ಲ ಹೇಳಿದ್ದಳು. ಬಾವಿಯಿಂದ ನೀರು ತರಲು ಬೇರೆಯವರು. ಬಟ್ಟೆ ಒಗೆಯಲು ಆಕೆಯೇ ಹೋಗುತ್ತಿದ್ದಳು. ಅವರ ಊರಲ್ಲೂ ಕೆರೆಯಿತ್ತು, ನಮ್ಮದಕ್ಕಿಂತ ದೊಡ್ಡದು. ಅಕ್ಕ ಆ ಕೆರೆಯನ್ನು ಮನೆಯ ಮಹಡಿಯ ಮೇಲಿಂದ ನೋಡುತ್ತಿದ್ದಳು.

ಇತ್ತ ನನಗೆ ಹೆಸರು ಬಂತು! ಅಷ್ಟು ದೊಡ್ಡ ಮೀನು ಹಿಡಿದ ಹುಡುಗ. ಊರಿನ ಹಿರಿಯರು ಗಾಳದ ಬಗ್ಗೆ ನನ್ನನ್ನು ಕೇಳುತ್ತಿದ್ದರು. ನಾನು ಅಕ್ಕ ಹೇಳಿದ್ದನ್ನೆಲ್ಲ ಹೇಳುತ್ತಿದ್ದೆ. ಜೊಂಡಿನ ಬುಡಕ್ಕೆ ಹಾಕಿ, ಮೂರು ಎಣಿಸಿ ಎಳೆಯಿರಿ. ಅವರಿಗೆ ಮೀನು ಸಿಗುತ್ತಿತ್ತು. ನನಗೆ ಮಾತ್ರ ಒಂದು ಏಡಿ, ಒಂದು ಹಳೆಯ ಚಪ್ಪಲಿ, ಆಮೇಲೆ ನಾಲ್ಕು ತಿಂಗಳ ನಂತರ ಅದರ ಜೋಡಿ ಚಪ್ಪಲಿ. ಯಾರಾದರೂ ಹಿಡಿದು ತೋರಿಸು ಅಂದರೆ, "ಇವತ್ತು ಗಾಳಿ ಸರಿಯಿಲ್ಲ" ಅನ್ನುತ್ತಿದ್ದೆ. ಗಾಳಿಗೂ ಮೀನಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇದಿಷ್ಟೇ ಆಗಿದ್ದರೆ ಚಿಕ್ಕವನ ತಪ್ಪು ಎಂದು ಬಿಡಬಹುದಿತ್ತು. ಎರಡನೇ ತಪ್ಪು ಮಾಡಿದಾಗ ನನಗೆ ಮೀಸೆ ಚಿಗುರುತ್ತಿತ್ತು.

ಮದುವೆಯಾಗಿ ಮೂರು ವರ್ಷಕ್ಕೆ, ಹೀಗೆಯೇ ಬೇಸಿಗೆಯ ಮೊದಲಿನಲ್ಲಿ, ಅಕ್ಕ ಭಾವ ನಮ್ಮ ಊರಿಗೆ ಬಂದಿದ್ದರು. ಭಾವ ಬೆಳಿಗ್ಗೆಯೇ, "ಏನಪ್ಪಾ ಕಿಟ್ಟಪ್ಪ, ಗಾಳ ಹಾಕಕ್ಕೆ ಹೋಗಣ ನಡಿ" ಅಂದ. ಗಾಳಿ ಸರಿಯಿಲ್ಲ ಎಂದೆ. "ಗಾಳಿ ನಾನು ನೋಡ್ಕೋತೀನಿ" ಎಂದು ನಕ್ಕ. ಇಬ್ಬರೂ ಹೋಗಿ ಮಧ್ಯಾಹ್ನದವರೆಗೆ ಕೂತೆವು. ಒಂದು ಮರಿಮೀನೂ ಇಲ್ಲ. ಭಾವನಿಗೆ ಅದರ ಚಿಂತೆಯೇ ಇದ್ದಂತಿರಲಿಲ್ಲ. ಆಗಾಗ ಏರಿಯ ಕಡೆ ತಿರುಗಿ ನೋಡುತ್ತಿದ್ದ.

ಅಕ್ಕ ಬುತ್ತಿ ತಂದಳು. ಏರಿಯ ಮೇಲೆಯೇ ನಿಂತಳು. ಭಾವ, "ಇಳಿದು ಬಾ, ಏನೂ ಆಗಲ್ಲ, ನಾನಿದೀನಿ" ಎಂದು ಕೂಗಿದ. ಒಂದೊಂದೇ ಹೆಜ್ಜೆ ಇಳಿದು ಬಂದಳು. ನೀರಿನ ಹತ್ತಿರ ಬಂದಾಗ ಅವಳ ಕಾಲ್ಬೆರಳು ಕೆಸರನ್ನು ಒತ್ತುತ್ತಿದ್ದದ್ದು ನನಗೆ ಕಂಡಿತು. ಬುತ್ತಿ ಇಳಿಸಿ, ಸೆರಗು ಸರಿಮಾಡಿಕೊಳ್ಳುತ್ತ, ಗಲ್ಲವನ್ನು ಒಂದಿಷ್ಟು ಎತ್ತಿ ಎಡಗಡೆಯ ಜೊಂಡನ್ನು ತೋರಿಸಿದಳು. ಅಲ್ಲಿ ನೀರು ಸಣ್ಣಗೆ ಅಲುಗುತ್ತಿತ್ತು.

ಆಗ ಭಾವ ಎದ್ದು ನಿಂತು, ಗಳವನ್ನು ಅಕ್ಕನ ಕಡೆ ಚಾಚಿದ. "ಒಂಚೂರು ಹಿಡ್ಕೊಂಡಿರೇ, ಕೈ ತೊಳ್ಕೊಂಡು ಬರ್ತೀನಿ."

ಅಕ್ಕ ಕೈ ನೀಡಿದ್ದಳು. ನಿಜವಾಗಿ ನೀಡಿದ್ದಳು. ನಾನು ನಡುವೆ ನುಗ್ಗಿ ಗಳ ಕಿತ್ತುಕೊಂಡೆ.

"ಅಯ್ಯೋ, ಅವಳಿಗೆ ಭಯ ಭಾವ! ಕೊಡಿ ಇತ್ಲಾಗೆ, ನಾನು ಹಿಡ್ಕೋತೀನಿ."

ನನ್ನ ಮನಸ್ಸಿನಲ್ಲಿ ನಾನು ಅಕ್ಕನನ್ನು ಕಾಪಾಡಿದ್ದೆ. ಗಳ ಅವಳ ಕೈಗೆ ಹೋದರೆ ಕಪ್ಪೆ ಕುಣಿಯುವ ರೀತಿ ನೋಡಿಯೇ ಭಾವನಿಗೆ ಎಲ್ಲ ತಿಳಿದುಹೋಗುತ್ತದೆ, ಅವಳ ಸಂಸಾರ ಏನಾಗಬೇಕು ಎಂದು. ಅಕ್ಕ ತೋರಿಸಿದ ಕಡೆಗೇ ಹಾಕಿದೆ. ಗುಳುಂ ಎಂದಿತು. ಭಯಕ್ಕೆ ಮೂರು ಎಣಿಸುವಷ್ಟು ಹೊತ್ತು ಕೈಯೇ ಆಡಲಿಲ್ಲ, ಅದಕ್ಕೇ ಮೀನು ಸಿಕ್ಕಿತು. ನನ್ನ ಜೀವಮಾನದಲ್ಲಿ ನಾನು ಹಿಡಿದ ಕೊರಮೀನು ಅದೊಂದೇ. ಭಾವ "ಭೇಷ್" ಅಂದ. ಅವನ ದನಿ ಸಪ್ಪಗಿತ್ತು. ಅಕ್ಕ ಆಗಲೇ ಏರಿ ಹತ್ತುತ್ತಿದ್ದಳು. ಆ ಸಂಜೆಯೂ ತಲೆ ನನಗೇ ಬಂತು.

ಆಮೇಲೆ ಎಷ್ಟೋ ಸಲ ನಿಜ ಹೇಳಬೇಕೆಂದು ಅಂದುಕೊಂಡೆ. ಅಕ್ಕನ ಅತ್ತೆ ಇದ್ದಾಳಲ್ಲ ಎಂದು ಸುಮ್ಮನಾದೆ. ಅತ್ತೆ ಹೋದಮೇಲೆ, ಈಗ ಹೇಳಿ ಏನು ಬಂತು ಎಂದೆ. ಅಷ್ಟರಲ್ಲಿ ನನ್ನ ಮಕ್ಕಳಿಗೆ ಊಟ ಮಾಡಿಸುವಾಗ ಆ ಮೀನಿನ ಕತೆ ಹೇಳಿಬಿಟ್ಟಿದ್ದೆ. ಆಮೇಲೆ ಮೊಮ್ಮಗಳಿಗೂ ಹೇಳಿದೆ. ಹೇಳಿದ ಹಾಗೆಲ್ಲ ಮೀನು ಬೆಳೆಯಿತು. ಅಕ್ಕ ಬಂದಾಗ ಮಕ್ಕಳು ಅವಳ ಎದುರಿಗೇ ಆ ಕತೆ ಹೇಳಿಸುತ್ತಿದ್ದರು. ದನದ ಬಾನಿಯಲ್ಲಿ ಬಿದ್ದ ಭಾಗ ಬಂದಾಗ ಎಲ್ಲರೂ ನಗುವರು, ಅಕ್ಕನೂ ನಗುವಳು. ಒಂದು ಸಲವೂ ಅಲ್ಲ ಅನ್ನಲಿಲ್ಲ.

ಸರಿ, ನಿನ್ನೆಯ ಸಂಜೆಗೆ ಬರುತ್ತೇನೆ. ಅಕ್ಕ ಬಂದಳು. ಈಗ ಎಪ್ಪತ್ತೊಂಬತ್ತು. ಬೆನ್ನು ಸ್ವಲ್ಪ ಬಾಗಿದೆ, ಕಣ್ಣು ಚುರುಕಾಗಿದೆ. ಚಂದು ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಬಕೆಟ್ಟಿನ ನೀರಲ್ಲಿ ಬಿಟ್ಟಿದ್ದ ಮೀನು ತೋರಿಸಿದಳು. ಅಕ್ಕ ಮೀನಿನ ಬಾಯಿ ಅಗಲಿಸಿ ಗಾಳ ಸಿಕ್ಕಿದ ಜಾಗ ನೋಡಿ, "ಮೂರು ಎಣಿಸಿದ್ಯಾ?" ಅಂದಳು. ಹುಡುಗಿ ಬೆರಗಾಗಿ, "ನಿನಗೆ ಹೆಂಗೆ ಗೊತ್ತು ಅಜ್ಜಿ?" ಅಂದಳು. ಅಕ್ಕ ನನ್ನ ಸೊಸೆ ಸುಜಾತಳ ಕಡೆ ತಿರುಗಿ ಬೂದಿ ಕೇಳಿದಳು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಉಪ್ಪು ಹಾಕಿ ಉಜ್ಜಿದರು. ಹುಳಿಮಾವಿನಕಾಯಿ ಮಾತ್ರ ಇತ್ತು.

ಊಟಕ್ಕೆ ಕೂತೆವು. ನಾನು, ಎದುರಿಗೆ ಅಕ್ಕ, ಅವಳ ಪಕ್ಕ ಚಂದು, ಈ ಕಡೆ ನಾಗರಾಜ. ನನ್ನಾಕೆ ಮುದ್ದೆ ಕಟ್ಟುತ್ತಿದ್ದಳು, ಸುಜಾತ ಸಾರು ಬಡಿಸುತ್ತಿದ್ದಳು. ಚಂದು, "ಅಮ್ಮ, ತಲೆ ತಾತಂಗೆ ಹಾಕು. ತಾತ ಹೇಳಿಕೊಟ್ಟಿದ್ದಕ್ಕೇ ನಂಗೆ ಸಿಕ್ಕಿದ್ದು" ಅಂದಳು. ಸುಜಾತ ತಲೆ ಎತ್ತಿ ನನ್ನ ತಟ್ಟೆಗೆ ಹಾಕಿದಳು.

ಮೂರನೇ ಸಲ. ತಲೆ ನನ್ನನ್ನೇ ನೋಡುತ್ತಿತ್ತು. ಅಕ್ಕ ತನ್ನ ತಟ್ಟೆಯ ಮುದ್ದೆಯನ್ನು ನೋಡುತ್ತಿದ್ದಳು. ಈಗ ತಿಂದರೆ ಈ ಸುಳ್ಳು ಹೀಗೆಯೇ ಮಣ್ಣಿಗೆ ಹೋಗುತ್ತದೆ, ನನ್ನ ಜೊತೆ ಅಥವಾ ಅವಳ ಜೊತೆ, ಅನ್ನಿಸಿತು.

"ಇದು ನಂದಲ್ಲ ಕಣಮ್ಮ" ಅಂದೆ. "ಆ ದೊಡ್ಡ ಮೀನು ನಾನು ಹಿಡೀಲಿಲ್ಲ. ನಿಮ್ಮ ರತ್ನಜ್ಜಿ ಹಿಡಿದಿದ್ದು. ನಾನು ಕಪ್ಪೆ ಹಿಡೀತಿದ್ದೆ ಅಷ್ಟೆ. ಬಾನೀಲಿ ಯಾರೂ ಬೀಳಲಿಲ್ಲ. ಇವಳು ಕೆರೇಲಿ ಬಿದ್ದು ಮೀನನ್ನ ಅಪ್ಕೊಂಡಿದ್ಲು. ನೀರಿಗೆ ಹೆದರೋಳಲ್ಲ ಇವಳು. ನಾನು ಹೇಳಿದ್ದೆಲ್ಲ ಸುಳ್ಳು."

ನಾಗರಾಜನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಚಂದು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ನಾನು ಒಂದು ಮೊಳ ಗಿಡ್ಡನಾಗುತ್ತಿದ್ದೆ. ನೋವಾಯಿತು, ಆದರೂ ಸರಿ.

"ಎರಡನೇ ಸಲಾನೂ ನಾನೇ ಕಿತ್ಕೊಂಡೆ ಅಕ್ಕ" ಅಂದೆ. "ಭಾವಂಗೆ ಗೊತ್ತಾಗ್ಬಿಡ್ತದೆ ಅಂತ ಹೆದರ್ಕೊಂಡು."

ಅಕ್ಕ ಈಗ ತಲೆಯೆತ್ತಿದಳು.

"ಅವರಿಗೆ ಗೊತ್ತಿತ್ತು ಕಣೋ. ಮದುವೆಯಾದ ವಾರಕ್ಕೇ ನಾನು ಹೇಳಿದ್ದೆ. ನಕ್ಕಿದ್ರು. ನಮ್ಮಮ್ಮನ ಎದುರಿಗೆ ಬೇಡ, ನಿಮ್ಮೂರಿಗೆ ಹೋದಾಗ ನಾನೇ ಕೆರೆಗೆ ಕರ್ಕೊಂಡು ಹೋಗ್ತೀನಿ ಅಂದಿದ್ರು. ಆವತ್ತು ಅವರಿಗೇನು ಗಾಳ ಹಾಕೋ ಆಸೆ ಇತ್ತಾ? ನನ್ನ ಕೈಗೆ ಒಂದು ಸಲ ಗಳ ಕೊಡಬೇಕು ಅಂತ ಇತ್ತು. ನೀನು ಕೂಗಾಡ್ಬಿಟ್ಟೆ. ಸುತ್ತ ಹೊಲದಲ್ಲೆಲ್ಲ ಜನ ಇದ್ರು, ಎಲ್ಲರೂ ತಿರುಗಿ ನೋಡಿದ್ರು. ಇನ್ನೇನು ಹಿಡೀಲಿ?"

"ಆಮೇಲೆ ಹೋಗಬಹುದಿತ್ತಲ್ಲಕ್ಕ."

"ನಮ್ಮತ್ತೆ ಕಾಲ ಮುಗೀಲಿ ಅಂದ್ರು. ನಮ್ಮತ್ತೆ ತೊಂಬತ್ತರ ತನಕ ಗಟ್ಟಿಯಾಗಿದ್ರು. ಇವರು ಅವರಿಗಿಂತ ಮುಂಚೇನೇ ಹೋದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅರವತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು, ಅದು ಗುಟ್ಟೇ ಆಗಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅಡ್ಡ ನಿಂತಿದ್ದವನು ನಾನು.

ಕಣ್ಣು ಒರೆಸಿಕೊಂಡು ನನ್ನ ತಟ್ಟೆಯನ್ನು ಅಕ್ಕನ ಕಡೆ ತಳ್ಳಿದೆ. "ತಗೋ ಅಕ್ಕ. ನಿಂದೇ ಇದು."

"ಥೂ, ಎತ್ತು ಆ ಕಡೆ" ಅಂದಳು. "ನಂದು ಹೆಂಗಾಗ್ತದೆ? ನಂದು ನೀನು ತಿಂದು ಜೀರ್ಣ ಮಾಡ್ಕೊಂಡು ಎಷ್ಟು ಕಾಲ ಆಯ್ತು. ಇದು ಈ ಮಗು ಹಿಡಿದಿದ್ದು." ಎದ್ದು, ನನ್ನ ತಟ್ಟೆಯಿಂದ ತಲೆಯನ್ನು ತೆಗೆದು ಚಂದು ತಟ್ಟೆಗೆ ಹಾಕಿದಳು. ಕೆನ್ನೆಯ ಮಾಂಸ ಹೇಗೆ ಬಿಡಿಸಬೇಕು ಎಂದು ಬೆರಳಿಟ್ಟು ತೋರಿಸಿದಳು. ಆಮೇಲೆ, "ಭಾನುವಾರ ನಿನಗೆ ರಜಾನಾ?" ಎಂದು ಕೇಳಿದಳು.

"ಬೇಸಿಗೆ ರಜಾ ಅಜ್ಜಿ. ದಿನಾ ರಜಾನೇ. ನೀನೂ ಬರ್ತೀಯಾ?"

"ಬರ್ತೀನಿ. ಆದ್ರೆ ಗಳ ನಾನು ಹಿಡ್ಕೋಬೇಕು. ನಿಮ್ಮ ತಾತ ಕಿತ್ಕೊಳ್ಳದಂಗೆ ನೀನು ನೋಡ್ಕೋ."

ಎಲ್ಲರೂ ನಕ್ಕರು. ನನ್ನಾಕೆ, "ಇವರಿಗೆ ಮನೆ ಬೀಗ ಹಾಕಿ ಹೋಗಿ" ಅಂದಳು. ಅಕ್ಕ, "ಬೇಡ, ಕರ್ಕೊಂಡು ಹೋಗಣ. ಕಪ್ಪೆ ಹಿಡಿಯೋರು ಯಾರು ಮತ್ತೆ?" ಎಂದು ಸುಜಾತಳ ಕೈಯಿಂದ ಸೌಟು ಇಸಿದುಕೊಂಡಳು. ಪಾತ್ರೆಯ ತಳದಲ್ಲಿ ಏನನ್ನೋ ಹುಡುಕಿದಳು. ಬಗ್ಗಿ, ಈ ಸಲ ನನ್ನ ಮುಖ ನೋಡಿ, ನನ್ನ ತಟ್ಟೆಗೆ ಬಾಲ ಹಾಕಿದಳು.

ಮುದ್ದೆ ಮುರಿದು ಸಾರಿಗೆ ಅದ್ದಿದೆ. ಬಾಲದ ತುಂಬ ಮುಳ್ಳು. ಒಂದೊಂದೇ ಬಿಡಿಸಿಕೊಂಡು ನಿಧಾನವಾಗಿ ತಿಂದೆ, ಎಲ್ಲರ ಜೊತೆ.